ಡಬ್ಬಿ ಉರುಳಿಸುವ ರಿವಾಲ್ವರ್

ಶನಿವಾರ ಬಂತೆಂದರೆ ಮುದುಕ ವರ್ಜಿಲ್, ಹೆಣ್ಣು ನೋಡಲು ಹೊರಟ ವರನಂತೆ ತಲೆ ಬಾಚಿಕೊಂಡು ಡಾರ್ಲೀನಳ ಬಂದೂಕಿನಂಗಡಿಗೆ ಬರುತ್ತಾನೆ. ಅವನಿಗೆ ಬೇಕಾದದ್ದು ಬೇಲಿಯ ಮೇಲಿಟ್ಟ ಖಾಲಿ ಡಬ್ಬಿಗಳನ್ನು ಉರುಳಿಸುವ ಸಣ್ಣ ಗುಂಡಿನ ಪುಟ್ಟ ಟ್ವೆಂಟಿಟೂ ರಿವಾಲ್ವರ್, ಅಷ್ಟೇ. ಆದರೆ ಒಂದರ ಹಿಡಿ ದಪ್ಪ, ಇನ್ನೊಂದರ ಮೂತಿ ಭಾರ, ಮತ್ತೊಂದು ರೂಪವತಿಯಾದರೂ ಟ್ರಿಗರ್ ಬಿಗಿ. "ಹೀಗೆ ಹುಳುಕು ಹುಡುಕ್ತಿದ್ರೆ ನಿಂಗೆ ಕಂಕಣಭಾಗ್ಯ ಕೂಡಿಬರಲ್ಲ ಮಾವ," ಎಂದು ಡಾರ್ಲೀನ್ ಛೇಡಿಸುತ್ತಾಳೆ. "ಸುಮ್ನಿರೇ, ಡಬ್ಬಿಗಳಿಗೇನೂ ಅವಸರ ಇಲ್ಲ," ಎಂದು ಅವನು ಮುಂದಿನದನ್ನು ಕೈಗೆತ್ತಿಕೊಳ್ಳುತ್ತಾನೆ. ಖಾಲಿಯಿದೆಯೆಂದು ನೋಡಿಕೊಂಡು, ಟ್ರಿಗರನ್ನು ಎಡಗೈಯ ಕಿರುಬೆರಳಿನಿಂದಲೇ ಎಳೆಯುತ್ತಾನೆ. "ಆ ಬೆರಳಲ್ಲಿ ಯಾರಾದ್ರೂ ಗುಂಡು ಹೊಡೀತಾರಾ?" ಎಂದು ಒಮ್ಮೆ ಅವಳು ನಕ್ಕಳು. "ಲಕ್ವ ಹೊಡೆದ ಮೇಲೆ ನಿಮ್ಮತ್ತೆ ಕೈಲಿ ಉಳಿದಿರೋದು ಇಷ್ಟೇ ಬಲ ಕಣಮ್ಮ," ಎಂದ ವರ್ಜಿಲ್. "ಭಾನುವಾರ ಚರ್ಚಿಂದ ಬಂದೋಳೇ ಡಬ್ಬಿ ಉರುಳಿಸೋದ್ರಲ್ಲಿ ನನ್ನ ಸೋಲಿಸಿ ಕುಣೀತಿದ್ಲು. ಈಗ ಒಬ್ನೇ ಗೆದ್ದು ಗೆದ್ದು ಸಾಕಾಗಿದೆ."