ಜಾಡಿಯಲ್ಲಿದ್ದ ತಂಗಿ

ಬೇರೆಯವರ ಸೊಸೆಯಂದಿರು ಏನಾದರೂ ಮಾಡಿ ಸಂಬಳ ತರುತ್ತಾರೆ, ನಮ್ಮವಳು ಮಾಡಿದ್ದು ಹಾಳಾಗುವುದನ್ನು ನೋಡಿ ತರುತ್ತಾಳೆ ಎಂದು ಅತ್ತೆ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು. ಮಾತು ಸುಳ್ಳಲ್ಲ. ಸೊಸೆ ಕೆಲಸಕ್ಕೆ ಹೋಗುವುದು ಮುರಿದ ಮೂಳೆಗೆ ಹಾಕುವ ಸ್ಕ್ರೂ ಮಾಡುವ ಕಾರ್ಖಾನೆಗೆ. ಲೋಹದ ಸ್ಕ್ರೂ ಅಲ್ಲ; ಮೂಳೆ ಕೂಡುವವರೆಗೆ ಹಿಡಿದಿದ್ದು, ಆಮೇಲೆ ಮೈಯೊಳಗೇ ಕರಗಿಹೋಗುವ, ಪ್ಲಾಸ್ಟಿಕ್ಕಿನಂಥ ಪಾಲಿಮರಿನದು. ಅದನ್ನು ಉಪ್ಪುನೀರಿನ ಜಾಡಿಯಲ್ಲಿ ಮುಳುಗಿಸಿ, ಮೈಬಿಸಿಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿಟ್ಟು, ಹೇಗೆ ಕರಗುತ್ತದೆಂದು ನೋಡುವುದು ಸೊಸೆಯ ಕೆಲಸ. ಚಿಕ್ಕಂದಿನಲ್ಲಿ ಸೋಪನ್ನು ಬಕೆಟ್ಟಿಗೆ ಹಾಕಿ, ಸವೆಯುವುದನ್ನೇ ನೋಡುತ್ತ ಕೂತು ಅಮ್ಮನಿಂದ ಬೈಸಿಕೊಂಡವಳು ಅವಳು. ಹುಟ್ಟುಗುಣ ಎಲ್ಲಿಗೆ ಹೋದೀತು?

ಅತ್ತೆ ಮೆಟ್ಟಿಲಲ್ಲಿ ಜಾರಿ ಕಾಲಿನ ಗಿಣ್ಣು ಮುರಿದುಕೊಂಡಾಗ ಹಾಕಿದ್ದೂ ಅದೇ ಕಾರ್ಖಾನೆಯ ಸ್ಕ್ರೂ. ಮಗ ಲಾರಿ ಓಡಿಸುವವನು, ಮನೆಯಲ್ಲಿರುವುದೇ ಅಪರೂಪ. ಎಬ್ಬಿಸುವುದು, ಕೂರಿಸುವುದು, ಹೆಗಲು ಕೊಡುವುದು ಎಲ್ಲ ಸೊಸೆಯ ಪಾಲಿಗೆ ಬಂತು.

ಅಷ್ಟರಲ್ಲಿ ಕಾರ್ಖಾನೆಯಲ್ಲಿ ಒಂದು ಎಡವಟ್ಟು ಬಯಲಾಯಿತು. ಕ್ರಿಮಿ ಸಾಯಲೆಂದು ಸ್ಕ್ರೂಗಳ ಡಬ್ಬಗಳನ್ನು ಗಾಮಾ ಕಿರಣಕ್ಕೆ ಒಡ್ಡುತ್ತಾರೆ. ಡಬ್ಬದ ಮೇಲಿನ ಹಳದಿ ಚುಕ್ಕೆ ಆಗ ಕೆಂಪಾಗುತ್ತದೆ. ಕಿರಣ ಕ್ರಿಮಿಯನ್ನಷ್ಟೇ ಕೊಂದು ಸುಮ್ಮನಿರುವುದಿಲ್ಲ, ಪಾಲಿಮರಿನ ಉದ್ದುದ್ದ ಎಳೆಗಳನ್ನೂ ಅಲ್ಲಲ್ಲಿ ಕತ್ತರಿಸುತ್ತದೆ. ಎಳೆ ತುಂಡಾದಷ್ಟೂ ಸ್ಕ್ರೂ ಬೇಗ ಕರಗುತ್ತದೆ. ಒಂದು ಸಲಕ್ಕೆ ಎಷ್ಟು ಕತ್ತರಿಸೀತೆಂದು ಲೆಕ್ಕ ಹಾಕಿಯೇ ಸ್ಕ್ರೂ ಮಾಡಿರುತ್ತಾರೆ. ಆದರೆ ಕೆಂಪು ಚುಕ್ಕೆಯ ಡಬ್ಬಗಳ ರಾಶಿಯೊಂದು ಹಳದಿಯವುಗಳ ಜೊತೆ ಸೇರಿ ಇನ್ನೊಮ್ಮೆ ಒಳಗೆ ಹೋಗಿಬಂದಿತ್ತು. ಕೆಂಪು ಚುಕ್ಕೆ ಎರಡನೇ ಸಲವೂ ಕೆಂಪೇ, ಯಾರಿಗೆ ಗೊತ್ತಾಗಬೇಕು? ಸ್ಕ್ರೂ ನೋಡಲು ಹೊಸದರಂತೆಯೇ. ಹೊರಗೆ ಥಳುಕು, ಒಳಗೆ ಹುಳುಕು. ಕಾರ್ಖಾನೆಯವರು ಆಸ್ಪತ್ರೆಗಳಿಗೆಲ್ಲ ತಿಳಿಸಿದರು. ಅತ್ತೆಯ ಸ್ಕ್ರೂ ಆ ರಾಶಿಯದೇ ಆಗಿತ್ತು.

ಈಗ ತೆಗೆಯಲು ಹೋದರೆ ಕೂಡುತ್ತಿರುವ ಮೂಳೆಯೂ ಬಿಟ್ಟೀತು, ಕಾಲೂರದೆ ಕಾಯಿರಿ ಎಂದರು ಡಾಕ್ಟರು. ಮೂಳೆ ಮೊದಲು ಕೂಡುತ್ತದೋ, ಸ್ಕ್ರೂ ಮೊದಲು ಸೋಲುತ್ತದೋ ಎಂಬುದಷ್ಟೇ ಉಳಿದ ಪ್ರಶ್ನೆ. ಆಪರೇಷನ್ ಆದ ವಾರದಲ್ಲೇ ಸೊಸೆ ಮಾಮೂಲಿ ಪರೀಕ್ಷೆಗೆಂದು ಅದೇ ರಾಶಿಯ ಸ್ಕ್ರೂ ಒಂದನ್ನು ಜಾಡಿಗೆ ಹಾಕಿದ್ದಳು. ತಮ್ಮ ಕಾಲಿನೊಳಗಿನ ಸ್ಕ್ರೂವಿನ ಒಡಹುಟ್ಟು ಎಂದು ಅತ್ತೆ ಅದಕ್ಕೆ ತಂಗಿ ಎಂದು ಹೆಸರಿಟ್ಟು, ಸೊಸೆ ಚಪ್ಪಲಿ ಬಿಡುವ ಮೊದಲೇ ತಂಗಿಯ ಯೋಗಕ್ಷೇಮ ಕೇಳುತ್ತಿದ್ದರು. ಸೊಸೆ ನಗುತ್ತ ವರದಿ ಒಪ್ಪಿಸುತ್ತಿದ್ದಳು. ಒಳಗೊಳಗೇ ಮಾತ್ರ, ಕರಗಬೇಡ ಮಾರಾಯ್ತಿ ಎಂದು ಆ ಜಾಡಿಯನ್ನು ಬೇಡಿಕೊಳ್ಳುತ್ತಿದ್ದಳು.

ಒಂದು ದಿನ ಚಿಮಟದಲ್ಲಿ ಮೆಲ್ಲಗೆ ಹಿಡಿದದ್ದೇ ತಡ, ತಂಗಿ ಬಿಸ್ಕತ್ತಿನಂತೆ ಪುಡಿಯಾದಳು. ಸೊಸೆಗೆ ಮೊದಲು ಬಂದದ್ದು ಭಯವಲ್ಲ, ಕುತೂಹಲ. ಚೂರನ್ನು ಬೆಳಕಿಗೆ ಹಿಡಿದು, ಸಿಪ್ಪೆ ಗಟ್ಟಿಯಿದ್ದು ತಿರುಳು ಹೇಗೆ ಹೋಗಿದೆ ಎಂದು ನೋಡಿದಳು. ಆಮೇಲೆ ಅತ್ತೆಯ ಕಾಲು ನೆನಪಾಯಿತು. ನೋಡುತ್ತ ನಿಂತದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅವಳು ರಜೆ ಹಾಕಿ ಮನೆಗೆ ಓಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅತ್ತೆ ಸೀರೆ ಸರಿಮಾಡಿಕೊಂಡು ಆಸ್ಪತ್ರೆಗೆ ಹೊರಟರು. ಡಾಕ್ಟರು ಎಕ್ಸ್‌ರೇಯನ್ನು ಬಹಳ ಹೊತ್ತು ನೋಡಿದರು.

"ಮೂಳೆ ಕೂಡಿದೆ. ಇನ್ನು ಸ್ಕ್ರೂ ಇದ್ರೂ ಒಂದೇ, ಇಲ್ದಿದ್ರೂ ಒಂದೇ. ಎಲ್ಲಿ, ನಡೀರಿ ನೋಡೋಣ," ಎಂದರು.

ಅತ್ತೆ ಸೊಸೆಯ ಹೆಗಲು ಹಿಡಿದು ಎದ್ದು ಕಾಲೂರಿದರು. ಒಂದೆರಡು ಹೆಜ್ಜೆ ಇಟ್ಟು ನಿಂತರು. ಸೊಸೆ ಅವರ ಸೊಂಟವನ್ನು ಇನ್ನೂ ಬಿಗಿಯಾಗಿ ಬಳಸಿದಳು.

"ಹಿಡಿದಿದ್ದು ಸಾಕು ಕಣೇ," ಎಂದರು ಅತ್ತೆ. "ಮೂಳೆ ಕೂಡ್ತಲ್ಲ, ಇನ್ನು ನೀನೂ ಕರಗು."

ಸೊಸೆ ಕೈ ಬಿಟ್ಟು ಗೋಡೆಗೆ ಸರಿದಳು. ಅತ್ತೆ ಬಾಗಿಲ ಕಡೆ ಒಬ್ಬರೇ ನಡೆದರು. ಗಟ್ಟಿಯಾದದ್ದು ಸಡಿಲಾಗುವುದನ್ನೇ ನೋಡುತ್ತ ಬಂದವಳಿಗೆ ಇದನ್ನು ಕಣ್ತುಂಬ ನೋಡಬೇಕೆಂದು ಆಸೆ. ಆದರೆ ನೀರು ತುಂಬಿ ಏನೂ ಸರಿಯಾಗಿ ಕಾಣಿಸಲಿಲ್ಲ.