ದುರ್ಗವ್ವನ ಹೆಬ್ಬೆರಳು

ಬೆಳಕು ಹರಿಯುವ ಮೊದಲೇ ದುರ್ಗವ್ವ ಅಂಗಳ ಗುಡಿಸಿ, ನೀರು ತುಂಬಿ, ರೊಟ್ಟಿ ಬಡಿದು, ತಂತಿಯ ಘಾಸಣಿಯಿಂದ ಭಾಂಡೆ ತಿಕ್ಕಿ ಮುಗಿಸುತ್ತಾಳೆ. ಇಚಲಕರಂಜಿಯ ನೂಲಿನ ಗಿರಣಿ ಮುಚ್ಚಿ ನೌಕರಿ ಹೋದರೂ ಅವಳ ಕೈಗೆ ಯಾರೂ ರಜೆ ಕೊಟ್ಟಿಲ್ಲ. ಅವಳು ತಿಕ್ಕಿದ ತಾಟು ನೋಡಿಕೊಂಡು ಓಣಿಯ ಗಂಡಸರು ಗಡ್ಡ ಹೆರೆದುಕೊಳ್ಳಬಹುದು. ಯಾರಾದರೂ ಹೊಗಳಿದರೆ, ‘ಅದೇನ್ ಭಾಳ ಇಲ್ಲ ಬಿಡ್ರಿ’ ಅನ್ನುತ್ತಾಳೆ. ಕೆಲಸ ಕಳೆದುಕೊಂಡವರ ಭತ್ಯೆಗೆಂದು ಕೊಲ್ಹಾಪುರದ ಕಚೇರಿಗೆ ಹೋದಾಗಲೆಲ್ಲ ಅಲ್ಲಿನ ಹೆಬ್ಬೆಟ್ಟಿನ ಗುರುತು ಹಿಡಿಯುವ ಯಂತ್ರ ಅವಳ ಹೆಬ್ಬೆರಳನ್ನು ಒಪ್ಪುವುದಿಲ್ಲ. ಗಿರಣಿಯ ನೂಲು, ಮನೆಯ ಘಾಸಣಿ ಎರಡೂ ಸೇರಿ ಗೆರೆಗಳನ್ನೇ ಸವೆಸಿವೆ. ಈ ಸಲ ಹೋದಾಗ, ‘ಮಾವಶಿ, ಸ್ವಲ್ಪ ದಿನ ಭಾಂಡೆ ಮುಟ್ಟಬ್ಯಾಡ್ರಿ, ಗೆರಿ ಮೂಡತಾವ. ಈ ತಿಂಗಳು ದಾಟಿದ್ರ ಅರ್ಜಿ ರದ್ದಾಗತೈತಿ ನೋಡ್ರಿ,’ ಎಂದಳು ಯಂತ್ರದ ಮುಂದಿನ ಹುಡುಗಿ ಕಾಜಲ. ದುರ್ಗವ್ವ ನಕ್ಕಳು, ಇಂಥ ಔಷಧ ಅವಳಿಗೆ ಯಾವ ಡಾಕ್ಟರೂ ಬರೆದುಕೊಟ್ಟಿರಲಿಲ್ಲ. ಮನೆಯಲ್ಲಿ ಹೇಳಿದರೆ ಗಂಡ ಮಲ್ಲಾರಿ, ‘ಹಂಗಾದ್ರ ಭಾಂಡೆ ಯಾರ ತಿಕ್ಕತಾರ? ಸರಕಾರ?’ ಎಂದು ಚೇಷ್ಟೆ ಮಾಡಿದ. ಮರುದಿನ ನಸುಕಿನಲ್ಲಿ ಎಲ್ಲರೂ ಮಲಗಿರುವಾಗ ಅವಳು ಎಂದಿನಂತೆ ಭಾಂಡೆಗಳ ಮುಂದೆ ಕೂತು ಘಾಸಣಿ ಎತ್ತಿಕೊಂಡಳು. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು. ಆಮೇಲೆ ಅದನ್ನು ಕೆಳಗಿಟ್ಟು, ಎರಡೂ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಹೊಸ್ತಿಲ ಮೇಲೆ ಹೋಗಿ ಕೂತಳು.