ಚಿಗವ್ವನ ಕುರ್ಚಿ

ನಡೆದರೆ ನಮ್ಮ ಚಿಗವ್ವನ ಎಡ ಸೊಂಟ ಕಟಕ್ ಕಟಕ್ ಎನ್ನುತ್ತಿತ್ತು. ಅಡುಗೆಮನೆಯಿಂದ ಪಡಸಾಲೆಗೆ ಬರುವಾಗ ಮೊದಲು ಕಿವಿಗೆ ಬೀಳುತ್ತಿದ್ದಳು, ಆಮೇಲೆ ಕಣ್ಣಿಗೆ. "ಗೆಜ್ಜಿ ಕಟ್ಟಿದ ಎತ್ತು ನಾ, ಕಳವಾಗಂಗಿಲ್ಲ ಬಿಡು" ಎಂದು ತಾನೇ ನಗುತ್ತಿದ್ದಳು. ಚಿಕ್ಕಪ್ಪನ ಹೆಂಡತಿ, ತಾಯಿಯಿಲ್ಲದ ನನ್ನ ತಲೆ ಬಾಚಿ, ಹೊಟ್ಟೆ ನೋಡಿ ಬೆಳೆಸಿದವಳು.

ಅವಳು ಬಂಡಿಯಿಂದ ಬಿದ್ದು ಸೊಂಟದ ಕೀಲು ಕೆಟ್ಟದ್ದು ಎಪ್ಪತ್ತರ ದಶಕದ ಶುರುವಿಗೆ. ಮುಂಬೈಯಲ್ಲಿ ಉಕ್ಕಿನ ಗುಂಡು, ಪ್ಲಾಸ್ಟಿಕ್ಕಿನ ಬಟ್ಟಲು ಇಟ್ಟು ಹೊಸ ಕೀಲು ಕೂಡಿಸಿದರು. ಸಿಂದಗಿ ಕಡೆಯ ನಮ್ಮ ಹಳ್ಳಿಗೆ ಅದು ದೊಡ್ಡ ಸೋಜಿಗ. ಇನ್ನು ನೆಲಕ್ಕೆ ಕೂಡಲೇಬಾರದೆಂದು ಡಾಕ್ಟರು ಹೇಳಿ ಕಳಿಸಿದ್ದರಿಂದ ಚಿಕ್ಕಪ್ಪ ಒಂದು ಕುರ್ಚಿ ಮಾಡಿಸಿ ತಂದ.

ಅತ್ತೆ ನೆಲಕ್ಕೆ ಕೂತಾಗ ಸೊಸೆ ಮಣೆಯ ಮೇಲೂ ಕೂಡುವಂತಿರದ ಮನೆ ನಮ್ಮದು. ಅಜ್ಜಿ ಕುರ್ಚಿಯನ್ನು ಅಟ್ಟಕ್ಕೆ ಏರಿಸಿಬಿಟ್ಟಳು.

"ಎಲುಬಿಗಿಂತ ಕಬ್ಬಿಣ ಗಟ್ಟಿ ಇರ್ತೈತಿ. ಕೂತು ರೊಟ್ಟಿ ಬಡಿ" ಅಂದಳು.

ಚಿಕ್ಕಪ್ಪ ತಾಯಿಯ ಮುಂದೆ ಬಾಯಿ ಬಿಡುವ ಗಂಡಸೇ ಅಲ್ಲ. ಚಿಗವ್ವ ಒಲೆಯ ಮುಂದೆ ಕಾಲು ಮಡಚಿ ವರ್ಷಗಟ್ಟಲೆ ರೊಟ್ಟಿ ಬಡಿದಳು. ಕಂಬ ಹಿಡಿದು ಏಳುವಾಗ ನರಳಿದರೆ ಅಜ್ಜಿ ಅದನ್ನು ಸೋಗು ಎನ್ನುತ್ತಿದ್ದಳು. ಮರುದಿನ ರೊಟ್ಟಿಯ ಮೇಲೆ ಏಟು ಜೋರಾಗುತ್ತಿತ್ತು. ಆ ಏಟು ಯಾರಿಗೆಂದು ಮನೆಯವರಿಗೆಲ್ಲ ಗೊತ್ತು.

ಕಡೆಗೊಮ್ಮೆ ಸೊಲ್ಲಾಪುರದ ಡಾಕ್ಟರು ಎಕ್ಸ್‌ರೇ ತೆಗೆಸಿದರು. ಬಟ್ಟಲು ಸವೆದಿದೆ, ಸುತ್ತಲಿನ ಎಲುಬು ಕರಗಿದೆ, ಬೇರೆ ಕೀಲು ಕೂಡಿಸೋಣವೆಂದರೆ ಅದನ್ನು ಹಿಡಿಯುವಷ್ಟು ಎಲುಬೇ ಇಲ್ಲ ಎಂದರು. ಚಿಗವ್ವ ಹೊರಸು ಹಿಡಿದಳು. ಬೆನ್ನೆಲ್ಲ ಹುಣ್ಣಾಯಿತು. ಒಲೆ ಅಜ್ಜಿಯ ಪಾಲಿಗೆ ಬಂತು. ಸ್ವಲ್ಪ ದಿನಕ್ಕೇ ಅವಳ ಮೊಣಕಾಲು ಹಿಡಿದುಕೊಂಡು, ದಣಿವಾರಿಸಿಕೊಳ್ಳಲು ಆ ಕುರ್ಚಿ ಇಳಿಸೆಂದು ನನಗೆ ಹೇಳಿದಳು.

"ಮುಟ್ಟಬ್ಯಾಡ. ಅದು ನಂದೈತಿ" ಅಂದಳು ಚಿಗವ್ವ, ಹೊರಸಿನಿಂದಲೇ. "ಅತ್ತಿಯವ್ರು ನೆಲಕ್ಕೇ ಕೂಡ್ಲಿ."

ನನಗೆ ಒಳಗೊಳಗೇ ಹಿಗ್ಗಾಯಿತು, ಸುಳ್ಳೇಕೆ ಹೇಳಲಿ.

ಯುಗಾದಿಗೆ ಮುಂಚೆ ಅವಳು ಹೋದಳು. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಕಾಲು ಮಡಚಿ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಅವಳ ಎಡಗಾಲು ಏನು ಮಾಡಿದರೂ ಮಡಚಲಿಲ್ಲ. ಮುರಿಯೋಣವೇ ಎಂದು ಒಬ್ಬ ಹಿರಿಯ ಕೇಳಿದ. ಎಲ್ಲರೂ ಅಜ್ಜಿಯ ಕಡೆ ನೋಡಿದರು.

ಅಜ್ಜಿ ಅಟ್ಟದ ಕಡೆ ಕತ್ತೆತ್ತಿದಳು. ಆಮೇಲೆ, "ಕುರ್ಚಿ ಇಳಸ್ರಿ" ಅಂದಳು.

ಚಿಗವ್ವನನ್ನು ಕುರ್ಚಿಯ ಮೇಲೆ ಕೂಡಿಸಿ, ಬೀಳದಂತೆ ಧೋತರದಿಂದ ಕಟ್ಟಿದರು. ಅಜ್ಜಿ ಅವಳ ಕಾಲಬುಡದಲ್ಲಿ ನೆಲಕ್ಕೆ ಕೂತು ಅತ್ತಳು. ಸಾಕಾದ ಮೇಲೆ ಏಳಲು ಆಗದೆ ನನ್ನ ಕಡೆ ಕೈ ಚಾಚಿದಳು. ನಾನು ಹೋಗಲಿಲ್ಲ.